ಒಂದೇ ಪಾತ್ರೆಯ ಊಟ

ಅಡಿಗೆಗಳಲ್ಲಿ ಎರಡು ಜಾತಿ. ಒಬ್ಬರೇ ಇರುವಾಗಲೂ ಮಾಡಿಕೊಂಡು ಉಣ್ಣಬಹುದಾದ ಅಡಿಗೆ ಒಂದು ಜಾತಿ; ಜೊತೆಗೆ ಕುಳಿತುಕೊಳ್ಳುವವರು ಇಲ್ಲದಿದ್ದರೆ ಮಾಡುವುದಕ್ಕೆ ಮನಸ್ಸೇ ಬಾರದ ಅಡಿಗೆ ಇನ್ನೊಂದು ಜಾತಿ. ಅನ್ನ ಸಾರುಗಳು ಮೊದಲನೆಯವು. ಮನೆಯಲ್ಲಿ ಒಬ್ಬಳೇ ಉಳಿದ ಮುದುಕಿಯೂ ಒಂದು ಹಿಡಿ ಅಕ್ಕಿಯನ್ನು ಬೇಯಿಸಿಕೊಳ್ಳುವಳು. ಆದರೆ ತನ್ನೊಬ್ಬಳಿಗಾಗಿ ಕಣಕ ನಾದಿ, ಹೂರಣ ರುಬ್ಬಿ, ಹೋಳಿಗೆ ತಟ್ಟಿದವರನ್ನು ನಾವು ಇದುವರೆಗೆ ಕಂಡಿಲ್ಲ. ಸ್ವಿಟ್ಜರ್ಲೆಂಡ್ ದೇಶದಲ್ಲಿ ಫಾಂಡ್ಯೂ ಎಂದು ಕರೆಯಲ್ಪಡುವ ಅಡಿಗೆಯು ಈ ಎರಡನೆಯ ಜಾತಿಗೆ ಸೇರಿದುದು. ಅದನ್ನು ಮನೆಯಲ್ಲಿ ಮಾಡುವ ಕ್ರಮವನ್ನೂ, ಒಂದು ಚಳಿಗಾಲದಲ್ಲಿ ಅದರಿಂದ ನಮ್ಮ ಮನೆಯೊಳಗೆ ಆದ ಒಂದು ಸಣ್ಣ ಮಾರ್ಪಾಟನ್ನೂ ವಾಚಕರಿಗೆ ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿರುವೆವು.

ಫಾಂಡ್ಯೂ ಎಂಬುದು ಫ್ರೆಂಚ್ ಭಾಷೆಯ ಮಾತು. ಕರಗುವುದು ಎಂಬ ಅರ್ಥವುಳ್ಳ ಧಾತುವಿನಿಂದ ಹುಟ್ಟಿದುದು. ಹದವಾಗಿ ಹಳತಾದ ಗಟ್ಟಿ ಚೀಸನ್ನು ತುರಿದು, ಬಿಳಿಯ ದ್ರಾಕ್ಷಾಮದ್ಯದಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, ಆ ಪಾತ್ರೆಯನ್ನೇ ತಂದು ಊಟದ ಮೇಜಿನ ನಡುವೆ ಒಂದು ಪುಟ್ಟ ಸ್ಪಿರಿಟ್ ದೀಪದ ಮೇಲೆ ಇಡುವರು. ಸುತ್ತಲೂ ಕುಳಿತವರು ಬ್ರೆಡ್ಡಿನ ತುಂಡುಗಳನ್ನು ಉದ್ದನೆಯ ಮುಳ್ಳುಚಮಚಗಳಿಗೆ ಚುಚ್ಚಿ, ಆ ಒಂದೇ ಪಾತ್ರೆಯಲ್ಲಿ ಅದ್ದಿ ಅದ್ದಿ ತಿನ್ನುವರು. ಚೀಸ್ ಎಂಬುದಕ್ಕೆ ನಿಘಂಟುಗಳಲ್ಲಿ ಗಿಣ್ಣು ಎಂಬ ಅರ್ಥವು ಕಾಣುವುದುಂಟು. ಆದರೆ ನಮ್ಮ ಮನೆಗಳಲ್ಲಿ ಗಿಣ್ಣು ಎಂದರೆ ಈದ ಹಸುವಿನ ಮೊದಲ ಹಾಲಿನಿಂದ ಮಾಡಿದ ಸಿಹಿಯೇ ಹೊರತು ಬೇರೆಯಲ್ಲ. ಆದಕಾರಣ ಇಲ್ಲಿ ಚೀಸ್ ಎಂಬ ಮಾತನ್ನೇ ಉಳಿಸಿಕೊಂಡಿರುವೆವು.

ಆಲ್ಪ್ಸ್ ಪರ್ವತದ ದನಗಾಹಿಗಳು ಹಿಮದ ದಿನಗಳಲ್ಲಿ ಒಣಗಿದ ಬ್ರೆಡ್ಡನ್ನೂ ಗಟ್ಟಿಯಾದ ಚೀಸನ್ನೂ ಹೇಗಾದರೂ ತಿನ್ನುವಂತೆ ಮಾಡಿಕೊಳ್ಳಲು ಈ ಉಪಾಯವನ್ನು ಕಂಡುಹಿಡಿದರೆಂದು ಹೇಳುವ ವಾಡಿಕೆಯಿದೆ. ಕಥೆಯು ಸೊಗಸಾಗಿದೆ. ಆದರೆ ಬರಹದ ಆಧಾರವು ಬೇರೊಂದು ದಿಕ್ಕನ್ನು ತೋರಿಸುತ್ತದೆ. ಚೀಸನ್ನು ದ್ರಾಕ್ಷಾಮದ್ಯದಲ್ಲಿ ಬೇಯಿಸುವ ಕ್ರಮವು 1699ನೆಯ ಇಸವಿಯಲ್ಲಿ ಜೂರಿಕ್ ನಗರದ ಆನ್ನಾ ಮಾರ್ಗರೇಟಾ ಗೆಸ್ನರ್ ಎಂಬಾಕೆಯ ಅಡಿಗೆಯ ಪುಸ್ತಕದಲ್ಲಿ ದೊರೆಯುತ್ತದೆ. ಜೂರಿಕ್ ದೊಡ್ಡ ಪಟ್ಟಣವೇ ಹೊರತು ದನಗಾಹಿಗಳ ಗುಡಿಸಲಲ್ಲ. 1825ರಲ್ಲಿ ಭೋಜನಶಾಸ್ತ್ರದ ಮೇಲೆ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿನ ಬ್ರಿಯಾ ಸವಾರೆಂ ಎಂಬ ನ್ಯಾಯಾಧೀಶನೂ ಫಾಂಡ್ಯೂವಿನ ಕ್ರಮವನ್ನು ಕೊಟ್ಟಿರುವನು. ಆದರೆ ಅವನ ಫಾಂಡ್ಯೂವಿನಲ್ಲಿ ಮೊಟ್ಟೆಗಳೇ ಮುಖ್ಯ. ಮೊಟ್ಟೆಗಳ ತೂಕದ ಮೂರರಲ್ಲಿ ಒಂದು ಪಾಲು ಚೀಸು, ಆರರಲ್ಲಿ ಒಂದು ಪಾಲು ಬೆಣ್ಣೆ. ಈಗಿನ ರೂಪವು ಆ ದೇಶದ ಫ್ರೆಂಚ್ ಮಾತನಾಡುವ ಸೀಮೆಗಳಲ್ಲಿ ಬಹುಕಾಲ ಉಳಿದುಕೊಂಡಿತ್ತು. 1914ರಲ್ಲಿ ಚೀಸಿನ ವ್ಯಾಪಾರವನ್ನು ನಡೆಸುವುದಕ್ಕಾಗಿ ಅಲ್ಲಿ ಒಂದು ಚೀಸ್ ಒಕ್ಕೂಟವು ಏರ್ಪಟ್ಟಿತು. ಅದು 1999ರವರೆಗೂ ನಡೆಯಿತು. ಆ ಒಕ್ಕೂಟವು 1930ರ ಈಚೆಗೆ ಫಾಂಡ್ಯೂವನ್ನು ಇಡೀ ರಾಷ್ಟ್ರದ ಅಡಿಗೆಯೆಂದು ಸಾರುತ್ತ ಬಂದುದರಿಂದ, ಜರ್ಮನ್ ಮಾತನಾಡುವ ಸೀಮೆಗಳಲ್ಲಿಯೂ ಮನೆಮನೆಗೆ ಅದು ಹರಡಿತು. ಪುರಾತನವೆಂದು ನಾವು ತಿಳಿಯುವ ಎಷ್ಟೋ ಪದ್ಧತಿಗಳಿಗೆ ವಯಸ್ಸು ಅಷ್ಟೇನೂ ಹೆಚ್ಚಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಹಾಗೆಂದು ಆ ಪದ್ಧತಿಯ ಬೆಲೆಯು ಕಡಿಮೆಯಾಗುವುದಿಲ್ಲ.

ಇನ್ನು ನಮ್ಮ ಸಂಗತಿ. ನಮ್ಮ ತಮ್ಮನು ಕೆಲಸದ ನಿಮಿತ್ತ ಫ್ರಿಬೂರ್ ನಗರದಲ್ಲಿದ್ದಾಗ, 2018ನೆಯ ಇಸವಿಯ ಚಳಿಗಾಲವನ್ನು ನಾವೂ ನಮ್ಮ ತಾಯಿಯವರೂ ಅವನೊಡನೆ ಕಳೆದೆವು. ತಾಯಿಯವರಿಗೆ ಆಗ ಎಪ್ಪತ್ತಾರು ವರ್ಷ. ತಂದೆಯವರು ತೀರಿಕೊಂಡಂದಿನಿಂದ ಅವರು ಎಲ್ಲರ ಊಟವೂ ಆದ ಮೇಲೆ, ಅಡಿಗೆಯ ಮನೆಯ ಮೂಲೆಯಲ್ಲಿ, ಒಬ್ಬರೇ ಕುಳಿತು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದರು. ಯಾರೂ ಅವರನ್ನು ಹಾಗೆ ಮಾಡೆಂದು ಕಟ್ಟುಪಾಡು ಮಾಡಿರಲಿಲ್ಲ. ಬೇಡವೆಂದು ನಾವು ಹೇಳಿದ್ದೂ ಉಂಟು. “ನನ್ನ ಪಾಡಿಗೆ ನನ್ನನ್ನು ಬಿಡಿರಪ್ಪಾ” ಎಂಬುದೇ ಅವರ ಉತ್ತರ. ಪರದೇಶದ ಪ್ರಯಾಣಕ್ಕಾಗಿ ಆಚಾರವನ್ನು ಎಷ್ಟೋ ಸಡಿಲಿಸಿದ್ದರು. ಅಂಗಡಿಯ ಬ್ರೆಡ್ಡನ್ನೂ ತಿನ್ನುತ್ತಿದ್ದರು. ಆದರೆ ಮದ್ಯಮಾಂಸಗಳ ಸೋಂಕು, ಬೆಳ್ಳುಳ್ಳಿ, ಎಂಜಲು, ಈ ಮೂರು ವಿಷಯಗಳಲ್ಲಿ ಎಳ್ಳಷ್ಟೂ ಬಗ್ಗುತ್ತಿರಲಿಲ್ಲ.

ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ತಾಯಿಯವರ ವಯಸ್ಸಿನವರೇ ಆದ ಒಬ್ಬ ಮುದುಕಮ್ಮ ವಾಸವಾಗಿದ್ದರು. ಅವರ ಯಜಮಾನರು ತೀರಿಕೊಂಡು ಮೂರು ಚಳಿಗಾಲಗಳಾಗಿದ್ದವು. ಮಕ್ಕಳು ದೂರದ ಊರುಗಳಲ್ಲಿ. ಮೆಟ್ಟಿಲುಗಳ ಮೇಲೆ ಎದುರಾದಾಗಲೆಲ್ಲ ಇವರಿಬ್ಬರೂ ಒಬ್ಬರ ಭಾಷೆಯನ್ನು ಒಬ್ಬರು ತಿಳಿಯದೆ ಬಹಳ ಹೊತ್ತು ಮಾತನಾಡುತ್ತಿದ್ದರು. ಒಂದು ದಿನ ತಾಯಿಯವರು ಮಾಡಿದ ಕೋಡುಬಳೆಗಳನ್ನು ಅವರಿಗೆ ಕೊಟ್ಟು ಬಂದೆವು. ಖಾಲಿ ತಟ್ಟೆಯನ್ನು ಹಿಂದಿರುಗಿಸಲು ಬಂದ ಮುದುಕಮ್ಮ, ಬರುವ ಶನಿವಾರ ಸಂಜೆ ತಾವು ಫಾಂಡ್ಯೂ ಮಾಡಿ ಉಣಿಸುವುದಾಗಿ ನಮ್ಮ ತಮ್ಮನ ಸಂಗಡ ಹೇಳಿದರು. ಯಜಮಾನರು ಹೋದ ಮೇಲೆ ಆ ಪಾತ್ರೆಯನ್ನು ಅಟ್ಟದಿಂದ ಇಳಿಸಿರಲಿಲ್ಲವಂತೆ. ಒಬ್ಬರಿಗಾಗಿ ಯಾರು ಇಳಿಸುತ್ತಾರೆ, ಎಂದು ಅವರು ನಕ್ಕರು.

ಇಂತಹ ಕರೆಯನ್ನು ಬೇಡವೆನ್ನುವುದು ಸುಲಭವಲ್ಲ, ಒಪ್ಪಿಕೊಳ್ಳುವುದೂ ಸುಲಭವಾಗಿರಲಿಲ್ಲ. ತಮ್ಮನು ಬಹಳ ಸಂಕೋಚದಿಂದ ತಾಯಿಯವರ ಆಕ್ಷೇಪಣೆಗಳನ್ನು ಒಂದೊಂದಾಗಿ ತಿಳಿಸಿದನು. ದ್ರಾಕ್ಷಾಮದ್ಯವು ಕೂಡದು. ಕೊನೆಯಲ್ಲಿ ಹಾಕುವ ಕಿರ್ಷ್ ಎಂಬ ಚೆರ್ರಿ ಹಣ್ಣಿನ ಸಾರಾಯಿಯೂ ಕೂಡದು. ಪಾತ್ರೆಯ ಒಳಮೈಗೆ ಉಜ್ಜುವ ಬೆಳ್ಳುಳ್ಳಿಯೂ ಕೂಡದು. ಮುದುಕಮ್ಮ ಬೆರಳುಗಳನ್ನು ಮಡಿಸುತ್ತ ಕೇಳಿ, “ಹಾಗಾದರೆ ಉಳಿದದ್ದೇನು?” ಎಂದರು. ಆಮೇಲೆ ತಾವೇ ಸ್ವಲ್ಪ ಯೋಚಿಸಿ, ನೀರಿನಲ್ಲಿ ಮಾಡುವುದು ತಮ್ಮ ಊರಿನವರಿಗೆ ಹೊಸದೇನೂ ಅಲ್ಲವೆಂದು ಹೇಳಿದರು. ಇದು ನಿಜವಾದ ಮಾತು. ಆ ದೇಶದಲ್ಲಿ ಸೀಮೆಗೊಂದು ಫಾಂಡ್ಯೂ. ನೂಶಾಟೆಲ್ ಸೀಮೆಯವರು ಗ್ರುಯೇರ್ ಮತ್ತು ಎಮೆಂಟಾಲ್ ಎಂಬ ಚೀಸುಗಳನ್ನು ಕೂಡಿಸುವರು. ಗ್ರುಯೇರ್ ಅರ್ಧ, ಫ್ರಿಬೂರ್ ಸೀಮೆಯ ವಾಶೆರೆಂ ಎಂಬ ಮೃದುವಾದ ಚೀಸು ಅರ್ಧ ಸೇರಿಸಿ ಮಾಡುವುದಕ್ಕೆ “ಅರ್ಧ ಅರ್ಧ” ಎಂದೇ ಹೆಸರು. ಫ್ರಿಬೂರಿನವರಾದರೋ ವಾಶೆರೆಂ ಒಂದನ್ನೇ, ಮದ್ಯವಿಲ್ಲದೆ, ಸ್ವಲ್ಪ ನೀರಿನಲ್ಲಿ, ಕುದಿ ಬಾರದಂತೆ ಕರಗಿಸಿ, ಬ್ರೆಡ್ಡಿನ ಜೊತೆಗೆ ಬೇಯಿಸಿದ ಆಲೂಗಡ್ಡೆಯನ್ನೂ ಅದ್ದಿ ತಿನ್ನುವುದುಂಟು.

ಇದಕ್ಕಿಂತಲೂ ಕಠಿನವಾದ ತೊಡಕು ಚೀಸಿನದೇ ಆಗಿದ್ದಿತು. ಹಾಲನ್ನು ಚೀಸಿಗಾಗಿ ಹೆಪ್ಪುಗಟ್ಟಿಸುವ ಕ್ರಮವು ನಾವು ಮಜ್ಜಿಗೆ ಬಿಟ್ಟು ಮೊಸರು ಮಾಡುವ ಕ್ರಮದಂತಲ್ಲ. ಹಾಲು ಕುಡಿಯುವ ಎಳೆಗರುವಿನ ಜಠರದಿಂದ ತೆಗೆದ ಒಂದು ಪದಾರ್ಥವನ್ನು ಹೆಪ್ಪಾಗಿ ಹಾಕುವುದು ಯೂರೋಪಿನ ಹಳೆಯ ಪದ್ಧತಿ. ಗ್ರುಯೇರ್ ಎಂಬ ಹೆಸರಿಗೆ 2001ರಿಂದ ಆ ದೇಶದ ಕಾನೂನಿನ ರಕ್ಷಣೆಯಿದೆ. ಆ ಹೆಸರನ್ನು ಹೊರಬೇಕಾದರೆ ಕರುವಿನ ಹೆಪ್ಪನ್ನೇ ಹಾಕಬೇಕೆಂಬುದು ಅದರ ನಿಯಮಗಳಲ್ಲೊಂದು. ಸುಮಾರು 400 ಲೀಟರ್ ಹಾಲಿನಿಂದ ಸುಮಾರು 35 ಕಿಲೋಗ್ರಾಂ ತೂಕದ ಒಂದು ಚಕ್ರವು ದೊರೆತು, ಕಡಿಮೆಯೆಂದರೆ ಐದು ತಿಂಗಳು ನೆಲಮಾಳಿಗೆಯಲ್ಲಿ ಹದಗೊಳ್ಳುವುದು. ಅಂತಹ ಉತ್ತಮವಾದ ವಸ್ತುವು ನಮ್ಮ ತಾಯಿಯವರ ಪಾಲಿಗೆ ಆಗದ ವಸ್ತುವಾಯಿತು. ಹಾಲಿನ ಪದಾರ್ಥವೆಂದ ಮಾತ್ರಕ್ಕೆ ಶಾಕಾಹಾರಿಗಳಿಗೆ ಸಲ್ಲುವುದೆಂದು ತಿಳಿಯುವವರು ನಮ್ಮಲ್ಲಿ ಅನೇಕರಿರುವುದರಿಂದ ಇದನ್ನು ಸ್ಪಷ್ಟವಾಗಿ ಬರೆದಿರುವೆವು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಹೆಪ್ಪನ್ನು ಹಾಕಿದ ಚೀಸುಗಳೂ ಅಲ್ಲಿ ಮಾರಾಟಕ್ಕೆ ಬರುವುವು. ನಾವೂ ತಮ್ಮನೂ ಅಂಗಡಿಯಿಂದ ಅಂಗಡಿಗೆ ಹೋಗಿ, ಚೀಟಿಗಳನ್ನು ಓದಿ, ಅಂತಹ ಒಂದು ಗಟ್ಟಿ ಚೀಸನ್ನು ತಂದೆವು. ಅದನ್ನು ಬಾಯಿಗೆ ಹಾಕಿಕೊಂಡು ನೋಡಿದ ಮುದುಕಮ್ಮ, ಗ್ರುಯೇರ್ ಅಲ್ಲ, ಆದರೂ ಕೆಟ್ಟದ್ದಲ್ಲ, ಎಂದು ತೀರ್ಪು ಕೊಟ್ಟರು.

ಶನಿವಾರ ಸಂಜೆ ಅವರು ತಮ್ಮ ಪಾತ್ರೆಯನ್ನು ಎರಡು ಕೈಗಳಲ್ಲಿಯೂ ತಬ್ಬಿಕೊಂಡು ಮೇಲಕ್ಕೆ ಬಂದರು. ಕಾಕೆಲೋನ್ ಎಂದು ಅದರ ಹೆಸರು. ದಪ್ಪನೆಯ ಮಣ್ಣಿನದು, ಒಳಗೆ ನಯವಾದ ಮೆರುಗು, ಪಕ್ಕದಲ್ಲಿ ಗಿಡ್ಡನೆಯ ಹಿಡಿ. ಹೊರಗೆ ಹಿಮವು ಬೀಳುತ್ತಿದ್ದಿತು. ಅಡಿಗೆಯ ಮನೆಯಲ್ಲಿ ನಡೆದ ಕೆಲಸವನ್ನು, ನಮ್ಮ ಗೃಹಿಣಿಯರಿಗೆ ಉಪಯೋಗವಾಗಬಹುದೆಂದು, ಕ್ರಮವಾಗಿ ಹೇಳುವೆವು.

ನಾಲ್ವರಿಗೆ 800 ಗ್ರಾಂ ಚೀಸು. ಅಂದರೆ ತಲೆಗೆ 200 ಗ್ರಾಂ. ಅದನ್ನು ದಪ್ಪನಾಗಿ ತುರಿದು ಇಟ್ಟುಕೊಳ್ಳತಕ್ಕದ್ದು. ನೀರು 350 ಮಿಲಿಲೀಟರ್. ಮದ್ಯವನ್ನು ಹಾಕುವವರಿಗೂ ಅಷ್ಟೇ ಅಳತೆ. ನೀರಿನಲ್ಲಿ ಮಾಡುವುದಾದರೆ ಎರಡು ದೊಡ್ಡ ಚಮಚ ನಿಂಬೆಯ ರಸವು ಅವಶ್ಯ. ಮದ್ಯದಲ್ಲಿ ಹುಳಿಯು ತಾನಾಗಿ ಇರುತ್ತದೆ, ನೀರಿನಲ್ಲಿ ಇಲ್ಲ. ಕಾರ್ನ್‌ಫ್ಲೋರ್ ಸುಮಾರು 35 ಗ್ರಾಂ; ಇದನ್ನು ಆ ನೀರಿನಲ್ಲಿಯೇ ತಣ್ಣಗಿರುವಾಗ ಗಂಟಿಲ್ಲದಂತೆ ಕದಡಿ, ಒಲೆಯ ಮೇಲಿಟ್ಟು, ತೆಳುವಾದ ಗಂಜಿಯಂತೆ ಆಗುವವರೆಗೂ ಕಾಯಿಸತಕ್ಕದ್ದು. ಅನಂತರ ನಿಂಬೆಯ ರಸವನ್ನು ಬಿಟ್ಟು, ಉರಿಯನ್ನು ತಗ್ಗಿಸಿ, ತುರಿದ ಚೀಸನ್ನು ಹಿಡಿಹಿಡಿಯಾಗಿ ಹಾಕುತ್ತ, ಒಂದು ಹಿಡಿಯು ಕರಗಿದ ಮೇಲೆಯೇ ಇನ್ನೊಂದು ಹಿಡಿಯನ್ನು ಸೇರಿಸುತ್ತ, ಮರದ ಸೌಟಿನಿಂದ ಬಿಡದೆ ತಿರುಗಿಸತಕ್ಕದ್ದು. ಗುಂಡಗೆ ತಿರುಗಿಸಬಾರದು, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸಬೇಕೆಂಬುದು ಅಲ್ಲಿಯವರ ಪಾಠ. ಹಾಗೆ ಮಾಡಿದರೆ ಪಾತ್ರೆಯ ನಡುಭಾಗವೂ ಅಂಚೂ ಎರಡೂ ಸೌಟಿಗೆ ಸಿಕ್ಕುವುವು. ಎಲ್ಲವೂ ಒಂದಾಗಿ, ಸೌಟಿನಿಂದ ದಪ್ಪನೆಯ ಕೆನೆಯಂತೆ ಇಳಿಯುವಾಗ, ಮೆಣಸಿನ ಪುಡಿಯನ್ನೂ ತುರಿದ ಜಾಯಿಕಾಯಿಯನ್ನೂ ಉದುರಿಸಿ ಇಳಿಸತಕ್ಕದ್ದು. ಉಪ್ಪು ಬೇಡ, ಚೀಸಿನಲ್ಲಿ ಬೇಕಾದಷ್ಟಿದೆ. ಬ್ರೆಡ್ಡು ಹಿಂದಿನ ದಿನದ್ದಾಗಿ, ಪ್ರತಿಯೊಂದು ತುಂಡಿಗೂ ಸ್ವಲ್ಪ ಗಟ್ಟಿಯಾದ ಹೊರಮೈ ಇರುವಂತೆ ಕತ್ತರಿಸಿರಬೇಕು. ಮುಳ್ಳುಚಮಚವನ್ನು ಮೆತ್ತನೆಯ ಕಡೆಯಿಂದ ಚುಚ್ಚಿ ಹೊರಮೈಗೆ ನಾಟಿಸಿದರೆ ತುಂಡು ಜಾರಿ ಬೀಳುವುದಿಲ್ಲ.

ತಾಯಿಯವರು ಒಲೆಯ ಪಕ್ಕದಲ್ಲಿಯೇ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಉರಿಯನ್ನು ಸ್ವಲ್ಪ ಏರಿಸಿದರೆ ಬೇಗ ಆಗುವುದಿಲ್ಲವೇ ಎಂದು ತಮ್ಮನು ಕೈ ಹಾಕಲು ಹೋದಾಗ, ಮುದುಕಮ್ಮ ಫ್ರೆಂಚಿನಲ್ಲಿಯೂ ತಾಯಿಯವರು ಕನ್ನಡದಲ್ಲಿಯೂ ಒಂದೇ ಸಲ ಅವನನ್ನು ಗದರಿದರು. ತಾಳಿದವನು ಬಾಳಿಯಾನು ಎಂಬ ನಮ್ಮ ಗಾದೆಯು ಈ ಅಡಿಗೆಗೆ ಅಕ್ಷರಶಃ ಸಲ್ಲುತ್ತದೆ.

ಅದರ ಕಾರಣವನ್ನು ಇಲ್ಲಿಯೇ ಹೇಳಬಹುದು. ಚೀಸಿನಲ್ಲಿ ಹಾಲಿನ ಸಸಾರಜನಕವೂ, ಕೊಬ್ಬೂ, ನೀರೂ ಒಟ್ಟಿಗೆ ಇರುವುವು. ಸಸಾರಜನಕದ ಕಣಗಳನ್ನು ಸುಣ್ಣದ ಅಂಶವು, ಎಂದರೆ ಕ್ಯಾಲ್ಸಿಯಂ, ಒಂದಕ್ಕೊಂದು ಬಿಗಿದು ಕಟ್ಟಿರುತ್ತದೆ. ಬರಿಯ ಚೀಸನ್ನು ಹೆಚ್ಚು ಕಾವಿನಲ್ಲಿ ಕರಗಿಸಿದರೆ ಈ ಕಣಗಳು ಮತ್ತಷ್ಟು ಮುದುರಿಕೊಂಡು, ಕೊಬ್ಬನ್ನು ಹೊರಕ್ಕೆ ತಳ್ಳಿ, ತಳದಲ್ಲಿ ರಬ್ಬರಿನಂತಹ ಉಂಡೆಯೂ ಮೇಲೆ ಎಣ್ಣೆಯೂ ಬೇರೆಬೇರೆಯಾಗಿ ನಿಲ್ಲುವುವು. ದ್ರಾಕ್ಷಾಮದ್ಯದ ಹುಳಿಯಾಗಲಿ ನಿಂಬೆಯ ಹುಳಿಯಾಗಲಿ ಆ ಕ್ಯಾಲ್ಸಿಯಮ್ಮನ್ನು ತನ್ನ ಕಡೆಗೆ ಸೆಳೆದುಕೊಂಡು ಕಟ್ಟನ್ನು ಸಡಿಲಿಸುತ್ತದೆ. ಸಡಿಲವಾದ ಕಣಗಳು ಕೊಬ್ಬಿನ ಹನಿಗಳನ್ನು ಸುತ್ತುವರಿದು ಹಿಡಿದುಕೊಳ್ಳುವುವು. ಕಾರ್ನ್‌ಫ್ಲೋರಿನ ಪಿಷ್ಟವು ನೀರನ್ನು ಗಟ್ಟಿಮಾಡಿ, ಹನಿಗಳು ಪುನಃ ಒಂದುಗೂಡದಂತೆ ನಡುವೆ ನಿಲ್ಲುತ್ತದೆ. ಜೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದನ್ನೇ ಪರೀಕ್ಷೆಗೆ ತೆಗೆದುಕೊಂಡು, ಪಿಷ್ಟವು ನೂರಕ್ಕೆ ಮೂರು ಪಾಲಿಗಿಂತ ಕಡಿಮೆಯಾದರೆ ಫಾಂಡ್ಯೂ ಒಡೆಯುವುದೆಂದು 2019ರಲ್ಲಿ ಪ್ರಕಟಿಸಿರುವರು. ನಾವು ಮೇಲೆ ಹೇಳಿದ 35 ಗ್ರಾಂ ಆ ಲೆಕ್ಕಕ್ಕೆ ಸರಿಯಾಗಿದೆ. ಒಡೆಯುವಂತೆ ಕಂಡರೆ ಗಾಬರಿಪಡಬೇಕಾದುದಿಲ್ಲ. ಒಂದು ಚಮಚ ಕಾರ್ನ್‌ಫ್ಲೋರನ್ನು ನಿಂಬೆಯ ರಸದಲ್ಲಿ ಕದಡಿ ಹಾಕಿ ಬೇಗಬೇಗನೆ ತಿರುಗಿಸಿದರೆ ಅನೇಕ ವೇಳೆ ಕೂಡಿಕೊಳ್ಳುತ್ತದೆ.

ಹುಳಿಯ ಈ ಗುಣವೇ ಇನ್ನೊಂದು ದೊಡ್ಡ ಉದ್ಯಮಕ್ಕೂ ಆಧಾರವಾಯಿತು. ಸ್ವಿಟ್ಜರ್ಲೆಂಡಿನ ಥೂನ್ ಎಂಬ ಊರಿನಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಎಂಬಿಬ್ಬರು 1911ರಲ್ಲಿ ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನು ಸೇರಿಸಿ ಚೀಸನ್ನು ಕರಗಿಸಿ, ಕೆಡದೆ ಬಹುಕಾಲ ಉಳಿಯುವ ಚೀಸನ್ನು ತಯಾರಿಸಿದರು. ನಮ್ಮ ಅಂಗಡಿಗಳಲ್ಲಿ ಡಬ್ಬಿಗಳಲ್ಲಿಯೂ ಗಟ್ಟಿಗಳಾಗಿಯೂ ಮಾರುವ ಸಂಸ್ಕರಿಸಿದ ಚೀಸು ಆ ವಂಶಕ್ಕೆ ಸೇರಿದುದೇ ಆಗಿದೆ.

ಅಡಿಗೆಯೇನೋ ಆಯಿತು. ಮೂರನೆಯ ಆಕ್ಷೇಪಣೆಯಾದ ಎಂಜಲಿನ ಮಾತನ್ನು ಮಾತ್ರ ತಮ್ಮನು ಮುದುಕಮ್ಮನಿಗೆ ತಿಳಿಸಿರಲಿಲ್ಲ. ಹೇಗೆ ತಿಳಿಸುವುದು? ನಾಲ್ವರು ಒಂದೇ ಪಾತ್ರೆಯಲ್ಲಿ ಅದ್ದುವುದೇ ಈ ಊಟದ ಸ್ವಾರಸ್ಯ. ನಿಮ್ಮ ಬಾಯಿ ತಾಕಿದ ಚಮಚವು ನಮಗಾಗದೆಂದು ಮೂರು ವರ್ಷಗಳ ಮೇಲೆ ಪಾತ್ರೆಯನ್ನಿಳಿಸಿದವರ ಎದುರಿಗೆ ಯಾವ ನಾಲಿಗೆಯಿಂದ ಹೇಳುವುದು? ತಾಯಿಯವರಿಗೆಂದು ಒಂದು ಬಟ್ಟಲಿನಲ್ಲಿ ಮೊದಲೇ ಬೇರೆ ತೆಗೆದಿಡೋಣವೆಂದು ನಾವು ಪಿಸುಗುಟ್ಟಿಕೊಂಡೆವು. ಹಾಗೆ ಮಾಡಿದ್ದರೆ ತಾಯಿಯವರು ಆ ಬಟ್ಟಲನ್ನು ತೆಗೆದುಕೊಂಡು ಎಂದಿನಂತೆ ಅಡಿಗೆಯ ಮನೆಯ ಮೂಲೆಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಮುದುಕಮ್ಮ ಮೇಜನ್ನು ಅಣಿಮಾಡಿದ್ದರು. ಪ್ರತಿಯೊಬ್ಬರ ಮುಂದೆಯೂ ಒಂದು ತಟ್ಟೆ, ಒಂದು ಉದ್ದನೆಯ ಮುಳ್ಳುಚಮಚ, ಒಂದು ಗಿಡ್ಡನೆಯ ಮುಳ್ಳುಚಮಚ. ಅತಿಥಿಗಳಿಗೆ ಪದ್ಧತಿಯು ತಿಳಿಯದೆಂದು ಅವರೇ ತೋರಿಸಿಕೊಟ್ಟರು. ಉದ್ದನೆಯ ಚಮಚದಿಂದ ಬ್ರೆಡ್ಡನ್ನು ಅದ್ದಿ, ತಿರುಗಿಸಿ, ಮೇಲೆತ್ತಿ, ನೂಲು ಕಡಿಯುವವರೆಗೆ ಸ್ವಲ್ಪ ಹಿಡಿದು, ತಟ್ಟೆಗೆ ಇಳಿಸಿಕೊಂಡರು. ಗಿಡ್ಡನೆಯ ಚಮಚದಿಂದ ತೆಗೆದುಕೊಂಡು ತಿಂದರು. ಆಮೇಲೆ ಬೆರಳನ್ನೆತ್ತಿ ಎಚ್ಚರಿಕೆಯನ್ನೂ ಹೇಳಿದರು: ಪಾತ್ರೆಗೆ ಹೋಗುವ ಚಮಚವು ಎಂದಿಗೂ ತುಟಿಯನ್ನು ಮುಟ್ಟಬಾರದು, ಮುಟ್ಟಿಸುವವರು ಮನೆತನ ತಿಳಿಯದವರು. ತಮ್ಮನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ ಕೂಡಲೆ ತಾಯಿಯವರ ಮುಖವು ಅರಳಿತು. “ಇವರಲ್ಲಿಯೂ ಎಂಜಲಿದೆಯೇನೋ!” ಎಂದರು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕುಳಿತರು. ಚಮಚದಿಂದ ತಟ್ಟೆಗೆ ಇಳಿಸಿಕೊಂಡದ್ದನ್ನು ಕೈಯಿಂದಲೇ ತಿಂದರು. ಅದನ್ನು ನೋಡಿ ಮುದುಕಮ್ಮನೂ ತಮ್ಮ ಗಿಡ್ಡನೆಯ ಚಮಚವನ್ನು ಪಕ್ಕಕ್ಕಿಟ್ಟರು.

ತುಂಡನ್ನು ಪಾತ್ರೆಯೊಳಗೆ ಕಳೆದುಕೊಂಡವರಿಗೆ ದಂಡ ವಿಧಿಸುವುದು ಆ ಊಟದ ಇನ್ನೊಂದು ಪದ್ಧತಿ. 1970ರಲ್ಲಿ ಪ್ರಕಟವಾದ ಆಸ್ಟರಿಕ್ಸನ ಸ್ವಿಟ್ಜರ್ಲೆಂಡ್ ಪ್ರವಾಸದ ಚಿತ್ರಕಥೆಯಲ್ಲಿ ರೋಮನರು ಈ ತಪ್ಪಿಗೆ ಕೋಲಿನೇಟು, ಚಾವಟಿಯೇಟು, ಕೊನೆಗೆ ಸರೋವರಕ್ಕೆ ನೂಕುವುದರವರೆಗೂ ಹೋಗುವರು. ನಮ್ಮ ತಮ್ಮನು ಎರಡು ತುಂಡುಗಳನ್ನು ಕಳೆದುಕೊಂಡನು. ತಾಯಿಯವರೇ ನ್ಯಾಯಾಧಿಪತಿಗಳಾಗಿ, ಪಾತ್ರೆಗಳನ್ನೆಲ್ಲ ಅವನೊಬ್ಬನೇ ತೊಳೆಯತಕ್ಕದ್ದೆಂದು ವಿಧಿಸಿದರು.

ಪಾತ್ರೆಯು ಬರಿದಾಗುತ್ತ ಬಂದಾಗ ತಳದಲ್ಲಿ ಹೊಂಬಣ್ಣದ ಒಂದು ಚಕ್ಕೆಯು ಕಟ್ಟಿಕೊಂಡಿರುತ್ತದೆ. ಫ್ರೆಂಚರು ಇದಕ್ಕೆ ಸನ್ಯಾಸಿನಿ ಎಂಬ ಅರ್ಥದ ಹೆಸರನ್ನು ಕೊಟ್ಟಿರುವರು. ತುಪ್ಪ ಕಾಯಿಸಿದ ಪಾತ್ರೆಯ ಗಸಿಗಾಗಿ ನಮ್ಮ ಮಕ್ಕಳು ಹೇಗೆ ಕಾದಿರುವರೋ ಹಾಗೆಯೇ ಅಲ್ಲಿಯವರು ಈ ಚಕ್ಕೆಗಾಗಿ ಕಾದಿರುವರು. ಮುದುಕಮ್ಮ ಅದನ್ನು ಚಾಕುವಿನಿಂದ ಎಬ್ಬಿಸಿ ನಾಲ್ಕು ಪಾಲು ಮಾಡಿ, ಮೊದಲನೆಯದನ್ನು ತಾಯಿಯವರ ತಟ್ಟೆಗೆ ಹಾಕಿದರು. ತಮ್ಮ ಯಜಮಾನರಿದ್ದಾಗ ಇದರಲ್ಲಿ ಅವರಿಗೆ ದೊಡ್ಡ ಪಾಲು ಬೇಕಾಗಿತ್ತೆಂದು ಹೇಳಿ ಸುಮ್ಮನಾದರು. ತಾಯಿಯವರು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ತಮ್ಮನ ಕಡೆಗೆ ತಿರುಗಿ, “ನನಗೂ ಒಬ್ಬಳೇ ಉಣ್ಣುವುದು ರೂಢಿಯಾಗಿದೆಯೆಂದು ಆಕೆಗೆ ಹೇಳಪ್ಪಾ. ಬರುವ ಶನಿವಾರ ನಮ್ಮ ಅಡಿಗೆ, ಆಕೆಯೇ ಬರಲಿ” ಎಂದರು.

ಊಟದೊಡನೆ ಕುಡಿದುದು ಬಿಸಿಯಾದ ಚಹ. ಫಾಂಡ್ಯೂವಿನ ಮೇಲೆ ಮದ್ಯವನ್ನು ಕುಡಿಯದಿದ್ದರೆ ಹೊಟ್ಟೆಯಲ್ಲಿ ಚೀಸು ಗಟ್ಟಿಕಟ್ಟುವುದೆಂದು ಅಲ್ಲಿ ಕೆಲವರೂ, ಚಹವೇ ಹಿತವೆಂದು ಕೆಲವರೂ ವಾದಿಸುವುದುಂಟು. ಜೂರಿಕ್ಕಿನ ವೈದ್ಯರು ಇಪ್ಪತ್ತು ಮಂದಿ ಆರೋಗ್ಯವಂತರಿಗೆ ಫಾಂಡ್ಯೂವನ್ನು ಉಣಿಸಿ, ಒಮ್ಮೆ ಮದ್ಯವನ್ನೂ ಒಮ್ಮೆ ಚಹವನ್ನೂ ಕೊಟ್ಟು ಪರೀಕ್ಷಿಸಿ, ಫಲಿತಾಂಶವನ್ನು 2010ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮದ್ಯವನ್ನು ಕುಡಿದಾಗ ಆಹಾರವು ಜಠರದಿಂದ ಇಳಿಯುವುದು ನಿಧಾನವಾಯಿತು. ಅಜೀರ್ಣದ ಬಾಧೆಯಲ್ಲಿ ಮಾತ್ರ ವ್ಯತ್ಯಾಸವು ಕಾಣಲಿಲ್ಲ. ಚಹವನ್ನು ಕುಡಿಯುವ ಗೃಹಸ್ಥರು ನಿಶ್ಚಿಂತೆಯಿಂದಿರಬಹುದು. ಆದರೆ ತಲೆಗೆ 200 ಗ್ರಾಂ ಚೀಸೆಂಬುದು ಭಾರಿಯ ಊಟವೇ ಸರಿ. ನಮ್ಮವರಿಗೆ ಅದರ ಅರ್ಧವೂ ಸಾಕಾದೀತು. ಊಟ ಬಲ್ಲವನಿಗೆ ರೋಗವಿಲ್ಲವಷ್ಟೆ.

ಆ ಚಳಿಗಾಲವು ಮುಗಿಯುವವರೆಗೂ ಶನಿವಾರಗಳು ಹೀಗೆಯೇ ಸಾಗಿದುವು. ಒಂದು ವಾರ ಕಾಕೆಲೋನ್, ಒಂದು ವಾರ ಬಿಸಿಬೇಳೆ ಅನ್ನ. ಊರಿಗೆ ಹಿಂದಿರುಗಿದ ಮೇಲೆ ತಾಯಿಯವರು ತಮ್ಮ ಮಣೆಯನ್ನು ಅಡಿಗೆಯ ಮನೆಯ ಮೂಲೆಯಿಂದ ತೆಗೆಸಿ ನಡುಮನೆಯಲ್ಲಿ ಹಾಕಿಸಿಕೊಂಡರು. ಊಟದ ಹೊತ್ತನ್ನೂ ನಮ್ಮೊಡನೆಯೇ ಇಟ್ಟುಕೊಂಡರು. ಅವರ ಎಲೆ ಬೇರೆ, ಅವರಿಗೆ ಬಡಿಸುವ ಸೌಟು ಬೇರೆ. ಬಿಡಬೇಕಾದ ನಿಯಮವನ್ನು ಅವರು ಯಾವುದನ್ನೂ ಬಿಟ್ಟಿಲ್ಲ, ನಾವೂ ಬಿಡೆಂದು ಕೇಳಿಲ್ಲ. ಆಚಾರವನ್ನು ಕಾಯುವುದಕ್ಕೆ ಒಂಟಿಯಾಗಿಯೇ ಇರಬೇಕೆಂದು ನಾವು ಇಷ್ಟು ವರ್ಷ ತಿಳಿದಿದ್ದೆವು. ಎಲ್ಲರೂ ಒಂದು ಪಾತ್ರೆಯ ಸುತ್ತ ಕುಳಿತುಕೊಳ್ಳಬೇಕಾದರೆ ಒಬ್ಬೊಬ್ಬರೂ ತಮ್ಮ ಕೈಯನ್ನೂ ಬಾಯನ್ನೂ ಹಿಡಿತದಲ್ಲಿಟ್ಟುಕೊಳ್ಳಬೇಕಾಗುತ್ತದೆ. ನಿಯಮವು ಹುಟ್ಟಿದುದೇ ಕೂಡಿ ಉಣ್ಣುವುದಕ್ಕಾಗಿ, ಬೇರೆಯಾಗುವುದಕ್ಕಾಗಿ ಅಲ್ಲವೆಂದು ಈಗ ನಮಗೆ ತೋರುತ್ತದೆ.

ನಮ್ಮ ಊರುಗಳಲ್ಲಿ ಇದನ್ನು ಮಾಡಿನೋಡುವ ಅಪೇಕ್ಷೆಯುಳ್ಳವರಿಗೆ ಎರಡು ಮಾತು. ಕಾಕೆಲೋನನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ. ಹಿರಿಯರ ಕಾಲದ ಬಳಪದ ಕಲ್ಲಿನ ಮರಿಗೆಯು ಮನೆಯಲ್ಲಿದ್ದರೆ ಅದಕ್ಕಿಂತ ಉತ್ತಮವಾದುದು ಬೇರಿಲ್ಲ; ನಿಧಾನವಾಗಿ ಕಾಯುವುದು, ಕಾದ ಮೇಲೆ ಬಹಳ ಹೊತ್ತು ಕಾವನ್ನು ಹಿಡಿದಿರುವುದು. ಚೀಸನ್ನು ಕೊಳ್ಳುವಾಗ ಪೊಟ್ಟಣದ ಮೇಲೆ ಶಾಕಾಹಾರದ ಹಸುರು ಚುಕ್ಕೆಯಿದೆಯೇ ಎಂದು ನೋಡಿರಿ. ಹದವಾಗಿ ಹಳತಾದ ಗಟ್ಟಿ ಚೀಸು ಮುಕ್ಕಾಲು ಪಾಲು, ಸಂಸ್ಕರಿಸಿದ ಚೀಸು ಕಾಲು ಪಾಲು ಇರಲಿ. ಮೊದಲನೆಯದರಿಂದ ರುಚಿ, ಎರಡನೆಯದರಲ್ಲಿರುವ ಲವಣದಿಂದ ಒಡೆಯದಿರುವ ಭದ್ರತೆ. ಪಿಜ್ಜಾದ ಮೇಲೆ ಹಾಕುವ ಮೊಜರೆಲ್ಲಾ ಬೇಡ, ಅದು ನೂಲುನೂಲಾಗಿ ಎಳೆಯುವುದೇ ಹೊರತು ಕೆನೆಯಂತಾಗದು. ಸ್ಪಿರಿಟ್ ದೀಪವನ್ನು ಉಪಯೋಗಿಸುವವರು ಅದು ಉರಿಯುತ್ತಿರುವಾಗ ಎಂದಿಗೂ ಸ್ಪಿರಿಟ್ ಸುರಿಯಬಾರದು. ಆರಿಸಿ, ತಣಿದ ಮೇಲೆಯೇ ತುಂಬಿಸತಕ್ಕದ್ದು. ಮಕ್ಕಳ ಕೈಗೆ ಎಟುಕದಂತೆ ದೀಪವು ಮೇಜಿನ ನಟ್ಟನಡುವೆ ಇರಲಿ.

ಇಷ್ಟೆಲ್ಲವನ್ನೂ ಹೊಂದಿಸಿಕೊಳ್ಳುವುದಕ್ಕೆ ಮುಂಚೆ, ನೆರೆಯಲ್ಲಿ ಒಬ್ಬರೇ ಉಣ್ಣುತ್ತಿರುವವರು ಯಾರಾದರೂ ಇರುವರೇ ಎಂದು ವಿಚಾರಿಸಿ, ಅವರನ್ನು ಕರೆದು ಬನ್ನಿರಿ. ಅವರಿಗೆ ಯಾವುದು ಆಗುವುದಿಲ್ಲವೆಂಬುದನ್ನು ಕೇಳಿ ತಿಳಿದುಕೊಂಡ ಮೇಲೆ ಒಲೆಯನ್ನು ಹಚ್ಚಿರಿ.